ಮುಲೋನಿಗೊಂದು ಕರೆ

ಗಾರೆಯ ಬೆರ್ತೋ ಸಿಮೆಂಟಿಗೆ ಮತ್ತೆ ನೀರು ಹೊಯ್ದು ಕಲಸಿದ. "ಇದು ಗಟ್ಟಿಯಾದ್ಮೇಲೆ ನನ್ನ ಬೈಬೇಡಿ ಮತ್ತೆ. ಒಳಗೆ ತಳ್ಳೋದಾ, ಇನ್ನೂ ಕಾಯೋದಾ?"

ಸ್ಮಶಾನದ ಗೋಡೆಯಲ್ಲಿ ಶವಪೆಟ್ಟಿಗೆಯ ಗೂಡು ತಯಾರಾಗಿತ್ತು. ಅದರ ಮುಂದೆ ಪೆಟ್ಟಿಗೆಯಲ್ಲಿ ತಿಮೋತೆಯೋ, ಊರವರ ಬಾಯಲ್ಲಿ ನೊಂಗ್ ತಿಮೋ, ಅಂದರೆ ತಿಮೋ ಅಣ್ಣ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮಲಗಿದ್ದ. ಊರ ರೇಡಿಯೋದಲ್ಲಿ ಮಾತಾಡುತ್ತಲೇ ಮುದುಕನಾದವನು. ಮಗ ಮುಲೋ ಮೀನಿನ ದೋಣಿ ಹತ್ತಿ ಮಸ್ಬಾತೆ ದ್ವೀಪದ ಆಚೆಯ ಕಡಲಿಗೆ ಹೋಗಿದ್ದ. ಅವನಿಗಾಗಿ ಹೆಣವನ್ನು ಕೆಡದಂತೆ ಮದ್ದು ಹಾಕಿಸಿ ಹತ್ತು ದಿನ ಮನೆಯಲ್ಲಿಟ್ಟುಕೊಂಡು, ಬಂದವರಿಗೆ ಕಾಫಿ, ಬಿಸ್ಕತ್ತು ಕೊಟ್ಟು, ಜಾಗರಣೆಗೆ ರಾತ್ರಿಯೆಲ್ಲ ಇಸ್ಪೀಟು ಆಡಲು ಬಿಟ್ಟು ಮನೆಯವರು ಕಾದಿದ್ದರು; ಕೊನೆಗೆ ಪಾದ್ರಿಗಳೇ ಇನ್ನು ಸಾಕು ಎಂದಿದ್ದರು.

"ದಿನಾ ಮಧ್ಯಾಹ್ನ ರೇಡಿಯೋದಲ್ಲಿ ಕರೆದ್ರೂ ಬರಲಿಲ್ವಲ್ಲ, ಎಂಥಾ ಮಗನಪ್ಪ!" ಎಂದಳು ಪಕ್ಕದ ಮನೆಯ ಚೋಲಿಂಗ್.

"ಅಪ್ಪನ ಹತ್ರ ಜಗಳ ಆಡ್ಕೊಂಡು ಹೋದವನು," ಎಂದ ಅವಳ ಗಂಡ. "ಆದ್ರೂ, ಹೆಣದ ಮೇಲೂ ಸಿಟ್ಟಾ?"

"ಎದಿತ್ ಎಷ್ಟು ಚೆನ್ನಾಗಿ ಓದಿದ್ಲು! ನಂಗೇ ಅಳು ಬಂತು," ಎಂದಳು ಚೋಲಿಂಗ್.

ಎದಿತ್ ಅಲ್ಲೇ ನಿಂತಿದ್ದಳು. ರೇಡಿಯೋ ಕೇಂದ್ರ ಈಗ ಅವಳದೇ ಉಸ್ತುವಾರಿಯಲ್ಲಿತ್ತು. ಹೊಗಳಿಕೆ ಕೇಳಿದಾಗ ನಿಂತ ನೆಲ ಕುಸಿಯಬಾರದೇ ಅನ್ನಿಸಿತು ಅವಳಿಗೆ.

*

ಆ ಕೇಂದ್ರ ಶುರುವಾದದ್ದು ಕೊಬ್ಬರಿ ಗೋದಾಮಿನ ಒಂದು ಮೂಲೆಯಲ್ಲಿ. ದಂಡೆಯ ಮೇಲೊಂದು ಕಂಬ, ಒಳಗೊಂದು ಮೈಕು, ಅದರ ಮುಂದೆ ತಿಮೋ. ಕೊಬ್ಬರಿಯ ದರ, ಚಂಡಮಾರುತದ ಸುದ್ದಿ, ಹುಟ್ಟುಹಬ್ಬದ ಹಾಡು, ಮಧ್ಯಾಹ್ನವಾದರೆ ಕರೆ. ದೂರದ ಕಡಲಿನಲ್ಲಿದ್ದವರಿಗೆ ಮನೆಯವರು ಹೇಳಿ ಕಳಿಸಿದ್ದನ್ನೆಲ್ಲ ಅವನು ಓದುತ್ತಿದ್ದ. ಹೆರಿಗೆಯನ್ನು ಹೆರಿಗೆ ಎಂದೇ ಹೇಳುತ್ತಿದ್ದ. ಸಾವನ್ನು ಮಾತ್ರ, "ಅಪ್ಪನಿಗೆ ಹುಷಾರಿಲ್ಲ, ಬೇಗ ಬಾ" ಎಂದಷ್ಟೇ ಹೇಳಿ ಮುಗಿಸುತ್ತಿದ್ದ.

"ನೀರಿನ ನಡುವೆ ಇರೋನಿಗೆ ಸತ್ತ ಸುದ್ದಿ ಹೇಳ್ಬಾರ್ದು ಕಣೇ ಇಂದಾಯ್. ಅಳೋಕೆ ಅವನಿಗೊಂದು ಹೆಗಲು ಬೇಡ್ವಾ?" ಎಂದು ಎದಿತ್‌ಗೆ ಮಗಳನ್ನು ಕರೆದ ಹಾಗೆ ಇಂದಾಯ್ ಎನ್ನುತ್ತ ಕಲಿಸಿದವನೂ ಅವನೇ.

ಕೇಂದ್ರದ ಧಣಿ ಒಂದು ದಿನ ಇಬ್ಬರನ್ನೂ ಕೂರಿಸಿಕೊಂಡು ಕೇಳಿದ: "ಈ ಹಳೇ ಎ.ಎಂ. ಸುಮ್ನೆ ಕರೆಂಟು ಕುಡೀತಿದೆ. ಎಫ್.ಎಂ. ಒಂದೇ ಸಾಕಲ್ವಾ? ದೋಣಿಯವರು ಈಗ್ಲೂ ಕೇಳ್ತಾರಾ?"

"ಎಲ್ಲರ ಹತ್ರ ಫೋನಿದೆಯಲ್ಲ ಸಾರ್," ಎಂದುಬಿಟ್ಟಳು ಎದಿತ್. ಫೋನು ಅಷ್ಟು ದೂರ ಸಿಗುವುದಿಲ್ಲ, ಎಫ್.ಎಂ. ಊರ ಗುಡ್ಡವನ್ನೇ ದಾಟುವುದಿಲ್ಲ. ಎರಡೂ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹೌದೆಂದವರಿಗೆ ಉಸ್ತುವಾರಿಯ ಕುರ್ಚಿ ಎಂಬುದೂ ಗೊತ್ತಿತ್ತು.

ತಿಮೋ ಅವಳನ್ನೊಮ್ಮೆ ನೋಡಿದ. "ಗೊತ್ತಿದ್ದೂ ಹೇಳಿದ್ಯಲ್ಲ," ಎಂದಷ್ಟೇ ಅಂದು ಮನೆಗೆ ಹೋದ. ಊರಿನಲ್ಲಿ ಆಡಿಕೊಳ್ಳಲಿಲ್ಲ, ಹೆಂಡತಿಗೂ ಬಾಯಿ ಬಿಡಲಿಲ್ಲ. ಕಲಿಸಿದ ಹುಡುಗಿಯ ಮಾನ ಕಾದ. ಎ.ಎಂ. ನಿಂತಿತು, ಕುರ್ಚಿ ಅವಳದಾಯಿತು.

ಅವನು ಸತ್ತ ಮರುದಿನ ಹೆಂಡತಿ ಪಾಸಿಂಗ್ ಕೇಂದ್ರಕ್ಕೆ ಬಂದಳು. "ಎಷ್ಟು ಜನರ ಮಕ್ಕಳನ್ನ ಮನೆಗೆ ಕರೆಸಿದ ಅವನು. ಈಗ ಅವನ ಮಗನ್ನ ನೀನು ಕರಿ, ಇಂದಾಯ್."

ಕರೆದರೂ ಕೇಳಿಸುವುದಿಲ್ಲ ಎನ್ನಲು ಎದಿತ್‌ಗೆ ನಾಲಿಗೆ ಹೊರಳಲಿಲ್ಲ. ಮೈಕಿನ ಮುಂದೆ ಕೂತು ಓದಿದಳು. ಮರುದಿನವೂ ಓದಿದಳು. ಪಾಸಿಂಗಳ ಮನೆಯಲ್ಲಿ ಅದು ಮೊದಲಿಗಿಂತ ಸ್ಪಷ್ಟವಾಗಿ ಕೇಳುತ್ತಿತ್ತು.

*

"ಯಾರಾದ್ರೂ ಒಂದು ಕತ್ತರಿ ಕೊಡಿ," ಎಂದಳು ಪಾಸಿಂಗ್.

ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಮಕ್ಕಳ ಹೆಸರು ಬರೆದ ರಿಬ್ಬನ್ನು ಹಚ್ಚಿದ್ದರು. ಎರಡು ಹೆಣ್ಣುಮಕ್ಕಳ ಹೆಸರು, ಕೆಳಗೆ ಮುಲೋನದು.

"ಏನ್ ಮಾಡ್ತೀಯಾ ಅಮ್ಮ?" ದೊಡ್ಡ ಮಗಳು ಗಾಬರಿಯಾದಳು.

"ಇವನ ಹೆಸರು ಬೇಡ. ಹತ್ತು ದಿನ ಕೇಳಿಸ್ಕೊಂಡೂ ಬಾರದವನು ನನ್ನ ಹೊಟ್ಟೇಲಿ ಹುಟ್ಟಿದವನೇ ಅಲ್ಲ."

ಹೂವಿನವಳು ಕತ್ತರಿ ಕೊಟ್ಟಳು. ಪಾಸಿಂಗ್ ರಿಬ್ಬನ್ನು ಬೆರಳ ನಡುವೆ ಎಳೆದು ಹಿಡಿದದ್ದೇ ತಡ, ಎದಿತ್ ಹೋಗಿ ಆ ಕೈ ಹಿಡಿದುಬಿಟ್ಟಳು.

"ಬೇಡಿ ನಾಂಗ್ ಪಾಸಿಂಗ್, ಬೇಡಿ ಅಕ್ಕಾ. ಅವನಿಗೆ ಕೇಳ್ಸೇ ಇಲ್ಲ."

"ಏನಂದೆ?"

"ಈಗಿನ ರೇಡಿಯೋ ಗುಡ್ಡ ದಾಟಲ್ಲ. ಕಡಲಿಗೆ ಮುಟ್ಟೋದೇ ಇಲ್ಲ. ನಂಗೆ ಗೊತ್ತಿತ್ತು. ಗೊತ್ತಿದ್ದೂ ಓದ್ತಿದ್ದೆ."

"ಹತ್ತು ದಿನವೂ?"

"ಹತ್ತು ದಿನವೂ."

ಪಾಸಿಂಗ್ ಕೈ ಕೊಸರಿಕೊಂಡಳು. ಕೆನ್ನೆಗೆ ಬಿಗಿಯುತ್ತಾಳೆ ಎಂದುಕೊಂಡಳು ಎದಿತ್. ಬಿಗಿದಿದ್ದರೆ ಎಷ್ಟೋ ವಾಸಿಯಿತ್ತು. ಆದರೆ ಮುದುಕಿಯ ಬಿಗಿದ ಮುಖ ಸಡಿಲವಾಯಿತು.

"ಹಾಗಾದ್ರೆ ಅವನು ಬರಲ್ಲ ಅಂತ ಕೂತಿಲ್ಲ?"

"ಇಲ್ಲ ನಾಂಗ್. ಅವನಿಗೆ ಗೊತ್ತೇ ಇಲ್ಲ."

ಕತ್ತರಿ ಹುಲ್ಲಿಗೆ ಬಿತ್ತು. ಪಾಸಿಂಗ್ ಗಂಡನ ಹಣೆ ಮುಟ್ಟಿ ಮುಚ್ಚಳ ಇಳಿಸಿದಳು. "ತಳ್ಳು ಬೆರ್ತೋ," ಎಂದು ನೇರ ಚೋಲಿಂಗಳ ಬಳಿಗೆ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡಳು.

"ನನ್ನ ಮಗನಿಗೆ ಕೇಳ್ಸೇ ಇಲ್ಲವಂತೆ ಕಣೇ! ಕೇಳಿದ್ರೆ ಈಜ್ಕೊಂಡಾದ್ರೂ ಬರ್ತಿದ್ದ!"

ಆಮೇಲೆ ಪಾದ್ರಿಗಳಿಗೆ ಹೇಳಿದಳು. ಹೂವಿನವಳಿಗೆ, ವಾದ್ಯದವರಿಗೆ, ಗೇಟಿನ ಬಳಿ ನಿಂತ ಅಪರಿಚಿತರಿಗೂ ಹೇಳಿದಳು. ಕಣ್ಣಲ್ಲಿ ನೀರು, ಮುಖದ ತುಂಬ ನಗು. ಬೆನ್ನ ಹಿಂದೆ ಬೆರ್ತೋ ಒಂದೊಂದೇ ಇಟ್ಟಿಗೆ ಇಡುತ್ತಿದ್ದ. ಸುದ್ದಿ ಕೇಳಿದ ಪ್ರತಿಯೊಬ್ಬರೂ ಮೊದಲು ಅವಳೊಡನೆ ನಗುತ್ತಿದ್ದರು. ಆಮೇಲೆ ಅವಳ ಹೆಗಲ ಮೇಲಿಂದ ಎದಿತ್‌ಳನ್ನು ನೋಡುತ್ತಿದ್ದರು.