ಒಲೆ ಆರದ ಮನೆಗೆ ಬುತ್ತಿ

ಹೊಗೆ, ಮಾಳವ್ವನ ಮಾಳಿಗೆಯ ಬೆಳಕಿಂಡಿಯಿಂದ ಹೊಗೆ ಏಳುತ್ತಿದೆ, ತೆಳ್ಳಗೆ, ನೆಟ್ಟಗೆ, ಗಾಳಿಯಿಲ್ಲದ ಮುಂಜಾನೆ — ಒಲೆ ಹೊತ್ತಿದೆ ಹಾಗಾದರೆ, ಹೊತ್ತಬಾರದಿತ್ತಲ್ಲ, ಸತ್ತ ಮನೆಯಲ್ಲಿ ಮೂರು ದಿನ ಒಲೆಗೆ ಬೆಂಕಿ ಕಾಣಿಸುವುದಿಲ್ಲ, ನೆರೆಯವರು ಬುತ್ತಿ ಒಯ್ದು ಉಣಿಸಬೇಕು, ಅದಕ್ಕೇ ನನ್ನ ತಲೆಯ ಮೇಲೆ ಈ ಬುಟ್ಟಿ, ಹತ್ತು ಜೋಳದ ರೊಟ್ಟಿ, ಒಂದು ಗಡಿಗೆ ಬೇಳೆ. ಆದರೆ ಅವಳ ಗಂಡ ಹುಲಗಪ್ಪ ಸತ್ತನೆಂದು ನನಗೆ ಹೇಳಿದವರು ಯಾರು? ನಿನ್ನೆ ಮಧ್ಯಾಹ್ನ ಹೊಳೆಯ ನಡುವೆ ಹರಿಗೋಲು ಮಗುಚಿತು, ನಾಲ್ವರು ಈಜಿ ದಡ ಹತ್ತಿದರು, ಅವನೊಬ್ಬ ಹತ್ತಲಿಲ್ಲ, ಹೆಣವೂ ಸಿಕ್ಕಿಲ್ಲ, ಹರಿಗೋಲು ನಡೆಸುವ ಅಮೀನಸಾಬ ಇನ್ನೂ ಮಡುವಿನಲ್ಲಿ ಗಳ ಹಾಕಿ ಹುಡುಕುತ್ತಿದ್ದಾನೆ, ಗಂಗಾವತಿ ತಹಸೀಲಿಗೆ ಸುದ್ದಿ ಒಯ್ದ ತಳವಾರ ತಿರುಗಿ ಬಂದಿಲ್ಲ, ಹೊಳೆಯೂ ಹೇಳದ ಮಾತನ್ನು ನಾನು ಬುಟ್ಟಿಯಲ್ಲಿ ಹೊತ್ತು ಬಂದೆ. ಗೆಳತಿ ಪಕ್ಕೀರವ್ವ ಬೆಳಿಗ್ಗೆಯೇ ಅಂದಳಲ್ಲ, ಬಸವಣ್ಣೆಮ್ಮಾ, ನಿನ್ನ ಕಾಲು ಹೆಣಕ್ಕಿಂತ ಮುಂದ ಓಡತಾವ ನೋಡು, ತಡೀ ಸ್ವಲ್ಪ — ನಾನು ನಕ್ಕು ಬಂದುಬಿಟ್ಟೆ. ಹದಿನೈದು ವರ್ಷದ ರೂಢಿ, ಹಾವು ಕಡಿದ ಮನೆ, ಬಣವೆ ಸುಟ್ಟ ಮನೆ, ಬಾವಿಗೆ ಬಿದ್ದವರ ಮನೆ, ಯಾರೂ ಕರೆಯುವುದಿಲ್ಲ, ನಾವಿಬ್ಬರೂ ಹೋಗಿ ಕೂತುಬಿಡುತ್ತೇವೆ. ಪ್ಲೇಗಿನ ವರ್ಷ ಊರು ಬಿಟ್ಟು ಹೊಲದ ಗುಡಿಸಲಿನಲ್ಲಿದ್ದಾಗ ನನ್ನ ಯಜಮಾನರು ಕೊಟ್ರಬಸಪ್ಪನವರು ಹೋದರು, ಯಾರೂ ಹತ್ತಿರ ಸುಳಿಯಲಿಲ್ಲ, ಪಕ್ಕೀರವ್ವ ಬಂದಳು, ನನ್ನ ತಲೆ ಬಿಚ್ಚಿ ಬಾಚಿದಳು, ಸಂಜೆಯತನಕ ಬಾಚಿದಳು, ಆ ಬಾಚಣಿಕೆಯ ಹಲ್ಲು ನೆತ್ತಿಗೆ ತಾಗಿದಾಗಲೇ ನಾನು ಬದುಕಿದ್ದೇನೆಂದು ತಿಳಿದದ್ದು.

ಮಗು ಅಳುತ್ತಿದೆ ಒಳಗೆ, ಆರು ತಿಂಗಳ ಕೂಸು, ದನಿ ಕಟ್ಟಿ ಹೋಗಿದೆ, ತಾಯಿ ನಿನ್ನೆಯಿಂದ ಗುಟುಕು ನೀರೂ ಕುಡಿದಿರಲಿಕ್ಕಿಲ್ಲ, ಎದೆಯಲ್ಲಿ ಹಾಲು ಎಲ್ಲಿಂದ ಬಂದೀತು — ಬಾಗಿಲು ತೆರೆಯಿತು, ಮಾಳವ್ವ, ಮೊಣಕೈತನಕ ಹಿಟ್ಟು, ಕಣ್ಣು ಒಣ. ಬುಟ್ಟಿಯಾಗ ಏನು ದೊಡ್ಡವ್ವಾ? ರೊಟ್ಟಿ. ಯಾರಿಗೆ? ನಿನಗವ್ವಾ. ಯಾರ ಸತ್ತಾರಂತ ಬುತ್ತಿ ತಂದೀದಿ, ನಮ್ಮ ಒಲಿ ಆರಿಲ್ಲ, ಅಂವ ಈಜು ಬರೋ ಗಂಡಸು, ಎಲ್ಲೋ ದಡ ಹತ್ಯಾನ, ಹಸಗೊಂಡು ಬರ್ತಾನ, ಒಯ್ಯಿ ಅದನ್ನ. ಕದ ಅರ್ಧ ಮುಚ್ಚಿಬಿಟ್ಟಳು, ಪೂರ್ತಿ ಮುಚ್ಚಿದರೆ ಇನ್ನು ಯಾರಿಗೂ ತೆರೆಯಲಾರಳು, ಕೂಸು ಒಳಗೇ ಸೊರಗುತ್ತದೆ, ಗವಿಸಿದ್ಧಾ, ನನ್ನ ತಪ್ಪಿಗೆ ಆ ಕೂಸನ್ನು ದಂಡಿಸಬೇಡ — ಅಂಗಳದಲ್ಲಿ ಹುಲಗಪ್ಪನ ಎತ್ತು ನಿಂತಿತ್ತು, ಹತ್ತೂ ರೊಟ್ಟಿ ಅದರ ಮುಂದೆ ಇಟ್ಟೆ. ತಪ್ಪಾತವ್ವಾ, ಮುದುಕಿ ಬುದ್ಧಿ. ಮುಂಜಾನಿಂದ ಏನೂ ತಿಂದಿಲ್ಲ, ನಿನ್ನ ಒಲಿ ಹೊತ್ತೇತಲ್ಲ, ನನಗೊಂದು ರೊಟ್ಟಿ ಹಾಕ್ತೀಯೇನು? ಅವಳು ಎತ್ತನ್ನು ನೋಡಿದಳು, ನನ್ನನ್ನು ನೋಡಿದಳು. ನಿನ್ನ ರೊಟ್ಟಿ ಎತ್ತಿಗಾತು, ನನ್ನ ರೊಟ್ಟಿ ನಿನಗ, ಛಲೋ ಬಂತು ನೋಡು ಬೀಗತನ, ಬಾ ಒಳಗ.

ಹೊಗೆಗೆ ಕಣ್ಣು ಉರಿಯುತ್ತದೆ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೆ, ಎಷ್ಟು ಹಗುರ, ಅವಳು ಬಡಿಯುತ್ತಾಳೆ, ಹಂಚಿಗೆ ಹಾಕುತ್ತಾಳೆ, ಕೈ ನೀರಿನಲ್ಲಿ ಅದ್ದಿ ರೊಟ್ಟಿಯ ಮೇಲೆ ಸವರುತ್ತಾಳೆ, ಐದು ಬೆರಳಿನ ಹಸಿ ಗೆರೆ ಮೂಡುತ್ತದೆ, ಗೆರೆ ಆರುತ್ತಲೇ ಮಗುಚುತ್ತಾಳೆ, ಒಂದು ಸಲವೂ ತಡವಾಗುವುದಿಲ್ಲ ಆ ಕೈ, ತಾಳ ತಪ್ಪದ ಕೈ. ನನ್ನ ಮುಂದೆ ಇಟ್ಟಳು. ಒಬ್ಬಾಕಿ ತಿಂದರ ಗಂಟಲಾಗ ಇಳಿಯಂಗಿಲ್ಲವ್ವಾ, ಮುರಿ, ಅರ್ಧ ನೀ ತೊಗೋ. ಬ್ಯಾಡ ದೊಡ್ಡವ್ವಾ. ಹಂಗಾದರ ನಾನೂ ಒಲ್ಲೆ. ಭಾಳ ಹಟಮಾರಿ ಅದೀ ನೀ. ಹೌದು, ನಮ್ಮತ್ತೀನೂ ಇದನ್ನಽ ಅಂತಿದ್ಲು. ಅವಳ ತುಟಿ ಅಲುಗಿತು, ತುಂಡು ಮುರಿದು ಬಾಯಿಗೆ ಹಾಕಿದಳು, ಅಗಿದಳು, ಅಗಿಯುತ್ತಲೇ ಇದ್ದಳು, ನುಂಗಲಾರಳು, ತಂಬಿಗೆ ಹಿಡಿದೆ, ಕುಡಿದಳು, ಇಳಿಯಿತು, ಮತ್ತೊಂದು ತುಂಡು, ಮತ್ತೆ ನೀರು. ಕೂಸನ್ನು ಮೆಲ್ಲಗೆ ಅವಳ ಮಡಿಲಿಗೆ ಸರಿಸಿದೆ, ಎಡಗೈಯಲ್ಲಿ ಅವಚಿಕೊಂಡಳು, ಅದು ಎದೆ ಹುಡುಕಿತು, ಅವಳು ಬಲಗೈಯಲ್ಲಿ ಬಡಿದಿಟ್ಟಿದ್ದ ಇನ್ನೊಂದು ರೊಟ್ಟಿ ಹಂಚಿಗೆ ಹಾಕಿ ನೀರು ಸವರಿದಳು, ಐದು ಬೆರಳು — ಕೈ ಅಲ್ಲೇ ನಿಂತಿತು. ದೊಡ್ಡವ್ವಾ. ಏನವ್ವಾ. ಇದನ್ನ ಯಾರಿಗೆ ಹಾಕೀನಿ ನಾ?

ದೇವರು ಕೊಟ್ಟದ್ದು, ಹಣೆಬರಹ, ಕೂಸಿನ ಮುಖ ನೋಡು, ಎಷ್ಟು ಮಾತು ಇದ್ದವು ನನ್ನ ಹತ್ತಿರ, ಹದಿನೈದು ವರ್ಷ ಹೇಳಿದ ಮಾತು, ಒಂದೂ ಬಾಯಿಗೆ ಬರಲಿಲ್ಲ, ಬರದಿರಲಿ ಸ್ವಾಮಿ, ಅವಳ ಹೆಗಲಿಗೆ ಹೆಗಲು ಹಚ್ಚಿ ಕೂತೆ, ಆಮೇಲೆ ಅವಳ ಅಳು, ಕೊನೆಗೂ ಅಳು, ಆ ಅಳುವಿನ ಕೆಳಗೆ ಕೂಸು ಗುಟುಕು ಗುಟುಕಾಗಿ ನುಂಗುವ ಸದ್ದು — ಹಂಚಿನ ಮೇಲೆ ರೊಟ್ಟಿ, ಮಗುಚುವವರಿಲ್ಲ, ಐದು ಬೆರಳಿನ ಹಸಿ ಗೆರೆ, ಕಿರುಬೆರಳು ಆರಿತು, ಅದರ ಪಕ್ಕದ್ದು ಆರಿತು, ನಡುವಿನದು, ತೋರುಬೆರಳು, ಹೆಬ್ಬೆಟ್ಟು ಇನ್ನೂ ಹಸಿ, ಹೆಬ್ಬೆಟ್ಟು ಇನ್ನೂ —