ಖಾಲಿ ಜಾಗದ ಬಾಗಿಲುಗಳು

ಆಗಸ್ಟ್ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಏಳು ಗಂಟೆ. ಆ ತಿಂಗಳಲ್ಲಿ ನೈರೋಬಿಯ ಬಿಸಿಲಿಗೂ ಸೋಮಾರಿತನ. ಹೊರಗೆ ಬರಲು ಹತ್ತಾಗುತ್ತದೆ. ಬುಂಗೋಮಕ್ಕೆ ಹೋಗುವ ಬಸ್ಸುಗಳ ಅಂಗಳದಲ್ಲಿ ಜನ ಸಕ್ಕರೆ ಮೂಟೆ, ಸುತ್ತಿದ ಹಾಸಿಗೆ ಇಟ್ಟುಕೊಂಡು ನಡುಗುತ್ತ ಸಾಲು ನಿಂತಿದ್ದರು. ಸರಿಸಂಖ್ಯೆಯ ವರ್ಷ ಬೇರೆ. ಬುಕುಸು ಜನ ಹುಡುಗರಿಗೆ ಸುನ್ನತಿ ಮಾಡಿಸುವುದು ಅಂಥ ವರ್ಷದ ಆಗಸ್ಟಿನಲ್ಲೇ. ಹಾಗಾಗಿ ಎಲ್ಲರೂ ಊರ ಕಡೆ ಮುಖ ಮಾಡಿದ್ದರು.

ಅಂಗಳದಲ್ಲಿ ಲಗೇಜು ಏರಿಸುವ ಸಿತಾತಿ ಮುದುಕನೂ ಹೋಗಬೇಕಿತ್ತು. ಅವನ ಚಿಕ್ಕಮ್ಮನ ಮಗಳ ಕೊನೆಯ ಹುಡುಗನಿಗೆ ಶುಕ್ರವಾರ ಬೆಳಗಿನ ಜಾವ ಸುನ್ನತಿ. ಹಿಂದಿನ ದಿನ ಹುಡುಗ ಸೋದರಮಾವನ ಮನೆಗೆ ಬರಬೇಕು, ಮಾವ ಹೋರಿ ಕಡಿದು ಮಾಂಸದ ಪಟ್ಟಿಯೊಂದನ್ನು ಅವನ ಕೊರಳಿಗೆ ಹಾಕಬೇಕು. ಅದು ಬೀಳದೆ ಕತ್ತಿ ಮುಟ್ಟುವಂತಿಲ್ಲ. ಮಾವ ಅಂತ ಉಳಿದಿದ್ದವನು ಸಿತಾತಿ ಒಬ್ಬನೇ. ಮಧ್ಯಾಹ್ನದ ಬಸ್ಸು ತಪ್ಪಿದರೆ ಹುಡುಗ ಇನ್ನೆರಡು ವರ್ಷ ಕಾಯಬೇಕು.

ಬಸ್ಸು ನಿಂತಿತ್ತು, ಟಿಕೆಟ್ ಬರುತ್ತಿರಲಿಲ್ಲ. ಹಿಂದೊಮ್ಮೆ ಒಂದೇ ಸೀಟನ್ನು ಇಬ್ಬರಿಗೆ ಬರೆದುಕೊಟ್ಟು ಹೊಡೆದಾಟವಾದಾಗ, ಯಜಮಾನ ಮುಖ್ವಾನ ಟಿಕೆಟ್ ಪುಸ್ತಕಗಳನ್ನೆಲ್ಲ ಇದೇ ಅಂಗಳದಲ್ಲಿ ಸುಟ್ಟು ಚಳಿ ಕಾಯಿಸಿಕೊಂಡಿದ್ದ. ಯಂತ್ರದ ಚೀಟಿ ಇಲ್ಲದೆ ತನ್ನ ಅಪ್ಪನನ್ನೂ ಹತ್ತಿಸಬೇಡಿ ಅಂದಿದ್ದ. ಡ್ರೈವರುಗಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಯಂತ್ರ ನೋಡಿಕೊಳ್ಳುವವಳು ನಮಾಲ್ವ. ಕೈ ಚುರುಕು, ಕಸ ಕಂಡರೆ ಆಗದು. ಟಿಕೆಟ್ಟಿನ ಲೆಕ್ಕವೆಲ್ಲ ದೂರದ ಯಾವುದೋ ಕಂಪನಿಯ ಬಾಡಿಗೆ ಡಿಸ್ಕಿನಲ್ಲಿ ಇರುತ್ತಿತ್ತು. ತಿಂಗಳ ಹಿಂದೆ ಅವಳು ಅದರೊಳಗೆ ಹೊಕ್ಕು, ಹಳೆಯ ವರ್ಷಗಳ ಟಿಕೆಟ್ಟನ್ನೆಲ್ಲ ಅಳಿಸಿ, ಮಿಕ್ಕದ್ದನ್ನು ಐದನೇ ಒಂದು ಪಾಲಿನ ಚಿಕ್ಕ ಡಿಸ್ಕಿಗೆ ಸಾಗಿಸಿದ್ದಳು. ಖಾಲಿ ಜಾಗಕ್ಕೆ ಯಾಕೆ ಬಾಡಿಗೆ ಅಂತ ಅವಳ ವಾದ. ಯಜಮಾನ ಖುಷಿಯಾಗಿ ಎಲ್ಲರಿಗೂ ಚಹಾ, ಬಿಸಿಬಿಸಿ ಕರಿದ ಮಂದಾಜಿ ಕೊಡಿಸಿದ್ದ. ಆಮೇಲೆ ಜನ ಕಡಿಮೆ ಇದ್ದ ದಿನಗಳಲ್ಲಿ ಏನೂ ಗೊತ್ತಾಗಲಿಲ್ಲ. ಮಂಗಳವಾರ ಗುಂಪು ಸೇರಿದ್ದೇ ತಡ, ಒಂದು ಟಿಕೆಟ್ ಹೊರಗೆ ಬರುವಷ್ಟರಲ್ಲಿ ಒಂದು ಲೋಟ ಚಹಾ ಮುಗಿಯುತ್ತಿತ್ತು.

ಒಂಬತ್ತು ಗಂಟೆಗೆ ಸಿತಾತಿ ಕಿಟಕಿಯ ಹತ್ತಿರ ಹೋದ. ನಮಾಲ್ವಳ ಕಣ್ಣು ತುಂಬಿತ್ತು.

"ಡಿಸ್ಕು ಅರ್ಧಕ್ಕರ್ಧ ಖಾಲಿ ಇದೆ ಅಜ್ಜಾ. ಮತ್ಯಾಕೆ ಹಿಂಗ್ ತೆವಳ್ತಿದೆ?"

ಸಿತಾತಿಗೆ ಯಂತ್ರ ಗೊತ್ತಿಲ್ಲ, ಗೋಡೌನು ಗೊತ್ತು. ನಲವತ್ತು ವರ್ಷದ ಹಿಂದೆ ಕಿಟಾಲೆಯಲ್ಲಿ ಜೋಳದ ಮೂಟೆ ಹೊತ್ತವನು. ಅಲ್ಲೊಬ್ಬ ವ್ಯಾಪಾರಿ ಇಡೀ ಗೋಡೌನು ಹಿಡಿದಿದ್ದಾಗ ನಾಲ್ಕು ಬಾಗಿಲು ತೆರೆದು, ಬಾಗಿಲಿಗೊಂದು ಗುಂಪು ಹಮಾಲರನ್ನು ಕೊಡುತ್ತಿದ್ದರಂತೆ. ಖಾಲಿ ಬಿದ್ದಿದೆಯೆಂದು ಅವನು ಮುಕ್ಕಾಲು ಪಾಲು ಬಿಟ್ಟುಕೊಟ್ಟ. ಸುಗ್ಗಿ ಬಂದಾಗ ಅವನ ಪಾಲಿಗೆ ಒಂದೇ ಬಾಗಿಲು. ಲಾರಿಗಳು ಸೇತುವೆಯವರೆಗೂ ನಿಂತವು. ಇದನ್ನೆಲ್ಲ ಅವನು ನಿಧಾನವಾಗಿ ಹೇಳಿದ. ಹಿಂದೆ ನಿಂತವರು ಗೊಣಗಿದರೂ ಅವಸರ ಮಾಡಲಿಲ್ಲ.

"ಜಾಗ ಎಷ್ಟಿದೆ ಅಂತ ನೋಡಿದೀಯ, ಸರಿ. ಬಾಗಿಲೆಷ್ಟು ಕೊಟ್ಟಿದಾರೆ ಅಂತ ಕೇಳಿದ್ಯಾ ಮಗಳೇ?"

"ಡಿಸ್ಕಿಗೆ ಎಲ್ಲಿಯ ಬಾಗಿಲು ಅಜ್ಜಾ?" ಅಂತ ನಗಲು ಹೋದವಳು ಅರ್ಧಕ್ಕೇ ನಿಂತಳು. ಕಂಪನಿಯ ನಿಯಮದ ಪುಟ ತೆರೆದು ಓದಿದಳು, ಹಣೆ ಬಡಿದುಕೊಂಡಳು. ಕ್ಷಣಕ್ಕೆ ಎಷ್ಟು ಸಲ ಓದಬಹುದು, ಎಷ್ಟು ಸಲ ಬರೆಯಬಹುದು ಅನ್ನುವ ಮಿತಿಯನ್ನು ಡಿಸ್ಕಿನ ಗಾತ್ರ ನೋಡಿ ಕಂಪನಿಯೇ ಏರಿಸುತ್ತಿತ್ತು, ಇಳಿಸುತ್ತಿತ್ತು. ಅವಳು ಗುಡಿಸಿ ಎಸೆದದ್ದು ಬರೀ ಖಾಲಿ ಜಾಗವಲ್ಲ, ಐದರಲ್ಲಿ ನಾಲ್ಕು ಪಾಲು ವೇಗ.

ಸಿಟ್ಟಿಗೆ ಹತ್ತು ಪಟ್ಟು ದೊಡ್ಡದು ಮಾಡಿಬಿಡುತ್ತೇನೆ ಅಂದಳು. ಸಿತಾತಿ ತಲೆಯಾಡಿಸಿದ. ಎರಡು ಗೋಡೌನು ಹಿಡಿದರೂ ತೂಕದ ತಕ್ಕಡಿ ಒಂದೇ ಇತ್ತು, ಪೂರ್ತಿ ಓದು ಅಂದ. ಕೆಳಗೆ ಬರೆದೇ ಇತ್ತು: ಒಂದು ಗಾತ್ರ ದಾಟಿದ ಮೇಲೆ ಮಿತಿ ಏರುವುದಿಲ್ಲ. ಅವಳು ಸರಿಯಾಗಿ ಆ ಗೆರೆಯವರೆಗೆ ಹಿಗ್ಗಿಸಿದಳು. ಕುಗ್ಗಿಸುವಾಗ ಒಂದು ಹಗಲು ಹಿಡಿದಿತ್ತು. ಹಿಗ್ಗಿಸಲು ಯಂತ್ರ ನಿಲ್ಲಿಸುವುದೂ ಬೇಕಾಗಲಿಲ್ಲ. ಸ್ವಲ್ಪ ಹೊತ್ತಿಗೆ ಚೀಟಿಗಳು ಹುರಿದ ಜೋಳ ಸಿಡಿದ ಹಾಗೆ ಪಟಪಟ ಬೀಳತೊಡಗಿದವು.

ಯಜಮಾನ ಓಡಿಬಂದ. ನಮಾಲ್ವ ತಪ್ಪು ತನ್ನದೇ ಅಂತ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡಳು.

"ಇನ್ಮೇಲೆ ಗುಡಿಸ್ಬೇಕು ಅನ್ನಿಸಿದ್ರೆ ನನ್ನ ಅಂಗಳ ಗುಡಿಸಮ್ಮಾ," ಅಂದ ಮುಖ್ವಾನ. ಸಾಲೆಲ್ಲ ನಕ್ಕಿತು.

ಅವಳು ಮುಂದಿನ ಚೀಟಿಯನ್ನೇ ಸಿತಾತಿಗೆ ಚಾಚಿದಳು. ಅವನು ತೆಗೆದುಕೊಳ್ಳದೆ ಸಾಲಿನ ತುದಿಗೆ ಹೋಗಿ ನಿಂತ.

"ಮಾವ ತಡ ಮಾಡಿದಷ್ಟೂ ಹೋರಿಗೆ ಆಯಸ್ಸು," ಅಂತ ಒಬ್ಬಳು ಕೆಣಕಿದಳು. ಹೋರಿಗೆ ಆಗಲೇ ಹಾಗಂತ ಮಾತು ಕೊಟ್ಟಿದ್ದೇನೆ ಅಂದ ಸಿತಾತಿ.

ಹಿಂದಿನ ಚಕ್ರದ ಮೇಲಿನ ಸೀಟು ಸಿಕ್ಕಿತು. ಬುಧವಾರ ಮಧ್ಯಾಹ್ನ ಹನ್ನೆರಡೂಕಾಲಿಗೆ ಸಿತಾತಿ ಹೊರಟ. ನಮಾಲ್ವ ಊರಿಗೆ ಹೊರಟದ್ದು ಶನಿವಾರ, ಸಾಲು ಪೂರ್ತಿ ಕರಗಿದ ಮೇಲೆ.