ಗೊಬ್ಬರದ ಕುದುರೆ ಏರಿದ ದೊರೆ

ಆ ಸುಳ್ಳನ್ನು ನಾನು ಯೋಚಿಸಿ ಹೇಳಿದ್ದಲ್ಲ. ಸಿನಿಮಾದವರು ಅಂಗಳದಲ್ಲಿ ನಿಂತು, "ನಿಮ್ಮ ಕುದುರೆ ಏನ್ ಕೆಲಸ ಮಾಡುತ್ತೆ?" ಎಂದು ಕೇಳಿದಾಗ ತಾನಾಗಿ ಬಾಯಿಗೆ ಬಂತು. "ಇವನ ಅಜ್ಜ ಅಶ್ವದಳದಲ್ಲಿದ್ದ ಸ್ವಾಮಿ. ಯುದ್ಧಕುದುರೆಗಳ ವಂಶ," ಅಂದುಬಿಟ್ಟೆ.

ನಿಜವೆಂದರೆ ನನ್ನ ಡಾಂಗೊ ಒಂಬತ್ತು ವರ್ಷದಿಂದ ಮಾಡುತ್ತಿದ್ದ ಕೆಲಸ ಒಂದೇ. ಬೆಳಿಗ್ಗೆ ಊರಿನ ಮನೆಮನೆಯ ಮುಂದೆ ನಿಲ್ಲುವುದು, ಕಕ್ಕಸಿನ ಗುಂಡಿಯಿಂದ ತೋಡಿದ ಗೊಬ್ಬರದ ಬಕೆಟ್ಟುಗಳನ್ನು ಬೆನ್ನಿನ ಮೇಲೆ ಹೊರುವುದು, ನನ್ನ ಮೂಲಂಗಿ ಹೊಲಕ್ಕೆ ತಂದುಹಾಕುವುದು. ಹುಟ್ಟಿದಾಗ ಅಕ್ಕಿಹಿಟ್ಟಿನ ಉಂಡೆಯ ಹಾಗೆ ದುಂಡಗಿದ್ದನೆಂದು ನನ್ನ ಹೆಂಡತಿ ತೊಮೆ ಅವನಿಗೆ ಡಾಂಗೊ ಎಂದು ಹೆಸರಿಟ್ಟಿದ್ದಳು. ಆದರೆ ನೋಡುವುದಕ್ಕೆ ಮಾತ್ರ ಅವನು ರಾಜಗಾಂಭೀರ್ಯದವನು. ಕಡುಗಪ್ಪು ಮೈ, ಎದೆಯವರೆಗೆ ಇಳಿಬಿದ್ದ ಕೇಸರ.

ಯುದ್ಧ ಮುಗಿದು ಹತ್ತು ವರ್ಷವಾಗಿತ್ತು. ಫುಜಿ ಬೆಟ್ಟದ ತಪ್ಪಲಲ್ಲಿ, ನಮ್ಮೂರಿನ ಮೇಲಿನ ಕಪ್ಪು ಬೂದಿಯ ಇಳಿಜಾರಿನಲ್ಲಿ, ಟೋಕಿಯೋದ ಸಿನಿಮಾದವರು ಮೂರು ತಿಂಗಳು ಕೂತು ಮರದ ಕೋಟೆ ಕಟ್ಟಿದ್ದರು. ಹಳೆಯ ರಂಗನಾಟಕವೊಂದರ, ನಾನೂರು ವರ್ಷದ ಹಿಂದಿನ ಕಥೆ. ದೊರೆ ಮುನೆಚಿಕಾ ಚಾಡಿಮಾತು ನಂಬಿ ಸ್ವಂತ ತಮ್ಮನನ್ನು ಕೊಲ್ಲುತ್ತಾನೆ. ಸತ್ಯ ತಿಳಿದ ಅವನ ಹೆಂಡತಿ ಕೋಟೆಗೆ ಬೆಂಕಿ ಇಡುತ್ತಾಳೆ. ಹುಚ್ಚು ಹಿಡಿದ ದೊರೆ ಉರಿಯುವ ಕೋಟೆಯಿಂದ ಕುದುರೆ ಏರಿ ಒಬ್ಬನೇ ಹೊರಟುಹೋಗುತ್ತಾನೆ. ಇದನ್ನು ನೋಡಿ ತಲೆಮಾರುಗಳೇ ಅತ್ತಿವೆಯಂತೆ.

ಕೋಟೆ ಸುಡುವ ಹಿಂದಿನ ದಿನ ಅವರ ತರಬೇತಿ ಪಡೆದ ಕರಿಕುದುರೆ ಯಾರದೋ ಹಿತ್ತಲಿನ ಗೆಣಸೆಲ್ಲ ತಿಂದು ಹೊಟ್ಟೆ ಉಬ್ಬಿಸಿಕೊಂಡು ಮಲಗಿತು. ನಾಡಿದ್ದು ಮಳೆಯೆಂದು ರೇಡಿಯೋ ಹೇಳಿತ್ತು. ಸಹಾಯಕ ನಿರ್ದೇಶಕ ನಿವಾ ಎಂಬ ಕನ್ನಡಕದವನು ಊರೆಲ್ಲ ಅಲೆದು ನಮ್ಮಲ್ಲಿಗೆ ಬಂದದ್ದು ಹೀಗೆ.

"ಹೆಸರೇನು?" ಅಂದ.

"ಹಯಾತೆ," ಅಂದೆ. ಬಿರುಗಾಳಿ ಎಂದು ಅರ್ಥ.

ಅವನು ಅತ್ತ ಹೋಗಿದ್ದೇ ತಡ, ತೊಮೆ ಅಡುಗೆಮನೆಯಿಂದ ಹೊರಬಂದಳು. "ಬಿರುಗಾಳಿಯಂತೆ! ಅದು ಬಂದ್ರೆ ಊರೋರೆಲ್ಲ ಮೂಗು ಮುಚ್ಕೋತಾರೆ, ಅದಕ್ಕೇ ಇರ್ಬೇಕು."

"ಸುಮ್ನಿರೇ. ನಮ್ ಡಾಂಗೊ ಸಿನಿಮಾದಲ್ಲಿ ಬರ್ತಾನೆ."

"ಬರ್ತಾನೆ, ಬರ್ತಾನೆ. ಮೊದ್ಲು ಸ್ನಾನ ಮಾಡ್ಸು."

ಅಕ್ಕಿತೌಡಿನಿಂದ ಮೂರು ಸಲ ತಿಕ್ಕಿದೆವು. ಮಾರನೆಯ ಬೆಳಿಗ್ಗೆ ವೇಷಭೂಷಣದ ಹೆಂಗಸು ಅವನಿಗೆ ಚಿನ್ನದ ಬಣ್ಣದ ಜೀನು ಹಾಕಿದಳು, ಒಮ್ಮೆ ಮೂಸಿದಳು, ಹೋಗಿ ದೇವಸ್ಥಾನದಲ್ಲಿ ಹಚ್ಚುವಷ್ಟು ಧೂಪ ತಂದು ಅವನ ಹೊಟ್ಟೆಯ ಕೆಳಗೆ ಹಿಡಿದಳು. ಡಾಂಗೊ ಎರಡು ಸಲ ಸೀನಿದ.

ದೊರೆಯ ಪಾತ್ರ ಮಾಡುತ್ತಿದ್ದ ತಾಕಿಗಾವಾ ದೊಡ್ಡ ನಟ. ಪಾತ್ರದೊಳಗೇ ಇರಬೇಕೆಂದು ಎರಡು ತಿಂಗಳಿಂದ ನಕ್ಕಿರಲಿಲ್ಲವಂತೆ. ಕೆದರಿದ ಕೂದಲು, ರಕ್ತ ಬಳಿದ ಕವಚ. ಡಾಂಗೊನ ಕಣ್ಣನ್ನೇ ದಿಟ್ಟಿಸಿ ನೋಡಿದರು.

"ಎಷ್ಟೊಂದು ನೋವು ಈ ಕಣ್ಣಲ್ಲಿ! ಈ ಬೆನ್ನು ಏನೇನು ಹೊತ್ತಿದೆಯೋ?"

"ಊರೋರು ಒಳಗೆ ಇಟ್ಕೊಳ್ಳಕ್ಕಾಗದ್ದನ್ನೆಲ್ಲ ಹೊತ್ತಿದೆ ಸ್ವಾಮಿ," ಅಂದೆ. ಅದಾದರೂ ಸುಳ್ಳಲ್ಲ.

ಅವರ ಕಣ್ಣು ತುಂಬಿ ಬಂತು.

ಆಗ ನಿವಾ ಸವಾರಿಯ ದಾರಿ ತೋರಿಸಿದ. ಕೋಟೆಯ ಹೆಬ್ಬಾಗಿಲಿನಿಂದ ಹೊರಟು, ಇಳಿಜಾರು ಇಳಿದು, ಊರಿನ ಮೂರು ಹುಲ್ಲುಮನೆಗಳ ಮುಂದೆ ಹಾದು ಹೊಲಗಳ ಕಡೆಗೆ. ಹಳೇ ಕಾಲದ ಮನೆಗಳು ಹಿನ್ನೆಲೆಗೆ ಚೆನ್ನಾಗಿ ಕಾಣುತ್ತವೆಂದು ಆರಿಸಿದ್ದರಂತೆ. ಅಲ್ಲಿದ್ದವರು ಹೊರಗೆ ಬರಬಾರದೆಂದು ಹೇಳಿಯೂ ಆಗಿತ್ತು. ಆ ಮೂರೂ ಮನೆಗಳು ಡಾಂಗೊನ ದಿನದ ಸುತ್ತಿನವು, ಅದೇ ಕ್ರಮದಲ್ಲಿ.

"ನಿವಾ ಅವ್ರೇ, ಒಂದ್ ಮಾತು..."

"ಆಮೇಲೆ ಹೇಳಿ ಇಸಾಕು ಅವ್ರೇ! ಗಾಳಿ ತಿರುಗಿದೆ!"

ಎತ್ತರದ ಮಂಚಿಕೆಯ ಮೇಲಿದ್ದ ನಿರ್ದೇಶಕ ಮಿನೆಗಿಶಿ ಗುರುಗಳು ಕೈ ಎತ್ತಿ ಇಳಿಸಿದರು. ಕೋಟೆಗೆ ಬೆಂಕಿ ಬಿತ್ತು. ಇನ್ನೊಂದು ಕೋಟೆ ಕಟ್ಟುವುದಕ್ಕಾಗದು, ಇನ್ನೊಂದು ಸಲ ತೆಗೆಯುವುದಕ್ಕಾಗದು. ನಾನು ಪೊದೆಯ ಹಿಂದೆ ಕೂತು ನನಗೆ ಗೊತ್ತಿದ್ದ ಎಲ್ಲ ಬುದ್ಧರನ್ನೂ ನೆನೆದೆ.

ಡಾಂಗೊ ಹೊಗೆಯೊಳಗಿಂದ ಬಂದ ರೀತಿ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಕೇಸರ ಹಾರುತ್ತಿದೆ, ಬೂದಿ ಚಿಮ್ಮುತ್ತಿದೆ, ಮೇಲೆ ದೊರೆ ಆಕಾಶಕ್ಕೆ ಕೈಚಾಚಿ ಕೂಗುತ್ತಿದ್ದಾನೆ. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಮೊದಲ ಮನೆಯ ಓಕಿನು ಅಜ್ಜಿಯ ಬೇಲಿಬಾಗಿಲು ಬಂತು. ಡಾಂಗೊ ಗಕ್ಕನೆ ನಿಂತ. ಬಕೆಟ್ಟು ಹೇರಲು ಅನುಕೂಲವಾಗಲೆಂದು ಅಭ್ಯಾಸಬಲದಿಂದ ತಿರುಗಿ, ಬಾಗಿಲಿಗೆ ಹಿಂಭಾಗ ಕೊಟ್ಟ.

ದೊರೆ ಲಗಾಮು ಜಗ್ಗಿದರು, ಹಿಮ್ಮಡಿಯಿಂದ ಒತ್ತಿದರು. ಕುದುರೆ ಕಣ್ಣು ಮುಚ್ಚಿಕೊಂಡಿತು.

"ನಿಲ್ಲಿಸ್ಬೇಡಿ! ಕ್ಯಾಮರಾ ನಿಲ್ಲಿಸ್ಬೇಡಿ!" ಎಂದು ಮಂಚಿಕೆಯಿಂದ ಗುರುಗಳ ಕೂಗು.

ಎಂಬತ್ತು ದಾಟಿದ ಓಕಿನು ಅಜ್ಜಿಗೆ ಕಿವಿ ಕೇಳಿಸದು, ಕಣ್ಣು ಮಂಜು. ಹೊರಗೆ ಬರಬಾರದೆಂದು ಹೇಳಿದ್ದು ಅವಳಿಗೆ ಹೇಗೆ ಕೇಳಿಸಿತ್ತೋ ಏನೋ. ಗೊರಸಿನ ಸದ್ದು ನೆಲದಿಂದ ಕಾಲಿಗೆ ತಾಗಿತಂತೆ. ನಾನೂರು ವರ್ಷದ ಹಿಂದಿನವಳಂತೆಯೇ ಕಾಣುವ ತನ್ನ ತೇಪೆ ನಿಲುವಂಗಿಯಲ್ಲಿ, ಎರಡು ತುಂಬಿದ ಮರದ ಬಕೆಟ್ಟುಗಳನ್ನು ಒಂದಾದ ಮೇಲೊಂದರಂತೆ ಎಳೆದುಕೊಂಡು ಬಂದಳು.

"ಏನೋ ಇಸಾಕು, ಎರಡು ದಿನ ಎಲ್ಲಿ ಸತ್ತಿದ್ದೆ? ತುಂಬಿ ಉಕ್ತಾ ಇದೆ!"

ತಾಕಿಗಾವಾ ಪಾತ್ರ ಬಿಡಲಿಲ್ಲ. ಅದಕ್ಕೇ ಅವರು ದೊಡ್ಡ ನಟರು. ಕಂಪಿಸುವ ದನಿಯಲ್ಲಿ ಅಂದರು: "ಮುದುಕಿ! ನನ್ನ ತಮ್ಮನನ್ನು ನಾನೇ ಕೊಂದೆ!"

"ಏನಂದೆ?"

"ತಮ್ಮನನ್ನು ಕೊಂದೆ! ನನ್ನ ಕೋಟೆ ಉರಿಯುತ್ತಿದೆ!"

"ಅದೆಲ್ಲ ಇರ್ಲಿ, ಮೊದ್ಲು ಇದನ್ನೆತ್ತು. ನನ್ ಸೊಂಟ ಬಿದ್ದೋಗಿದೆ. ತಲೆ ಬಾಚ್ಕೊಳಕ್ಕೇನೋ ರೋಗ ನಿಂಗೆ?"

ಹಿಂದೆ ಕೋಟೆಯ ಮೇಲ್ಮಾಳಿಗೆ ಕುಸಿದು ಕಿಡಿಗಳ ಮಳೆ ಸುರಿಯಿತು. ದೊರೆ ಮುನೆಚಿಕಾ ಕುದುರೆಯಿಂದ ನಿಧಾನವಾಗಿ ಇಳಿದರು. ಬಕೆಟ್ಟಿನೊಳಗೆ ನೋಡಿದರು. ಆ ಮುಖದಲ್ಲಿ ಕಂಡ ದುಃಖವನ್ನು ನಾನು ಯಾವ ರಂಗದ ಮೇಲೂ ಕಂಡಿಲ್ಲ. ಆಮೇಲೆ ಎರಡೂ ಬಕೆಟ್ಟುಗಳನ್ನು ಎತ್ತಿ ಚಿನ್ನದ ಜೀನಿಗೆ ಅತ್ತಿತ್ತ ನೇತುಹಾಕಿದರು. ಭಾರ ತಿಳಿದದ್ದೇ ಡಾಂಗೊ ಕಣ್ಣು ತೆರೆದು ಮುಂದೆ ನಡೆದ. ದೊರೆ ಪಕ್ಕದಲ್ಲಿ ಬರಿಗಾಲಲ್ಲಿ ತೂರಾಡುತ್ತ ನಡೆದರು, ನಿಜವಾಗಿಯೂ ಅಳುತ್ತ. ಎರಡನೆಯ ಮನೆಯ ಮುಂದೆ ಕುದುರೆ ಮತ್ತೆ ನಿಂತಿತು. ಪುಣ್ಯಕ್ಕೆ ಅಷ್ಟರಲ್ಲಿ ರೀಲು ಮುಗಿದಿತ್ತು.

ನಾನು ಓಡಿಹೋಗಿ ಮಂಚಿಕೆಯ ಕೆಳಗೆ ಮಂಡಿಯೂರಿ ಹಣೆಯನ್ನು ಬೂದಿಗೆ ಹಚ್ಚಿದೆ.

"ತಪ್ಪಾಯ್ತು ಗುರುಗಳೇ. ಇವನು ಹಯಾತೆ ಅಲ್ಲ, ಡಾಂಗೊ. ಅಶ್ವದಳ ಗಿಶ್ವದಳ ಏನೂ ಇಲ್ಲ. ಗೊಬ್ಬರ ಹೊರೋ ಕುದುರೆ."

ಮಿನೆಗಿಶಿ ಗುರುಗಳು ಕೆಳಗಿಳಿದು ಬಂದರು. ಕೋಟೆ ಆಗಲೇ ಕೆಂಡದ ಗುಡ್ಡೆಯಾಗಿತ್ತು.

"ಆ ಬಕೆಟ್ಟಲ್ಲಿದ್ದದ್ದು ನೀರಲ್ವಾ?"

"ಅಲ್ಲ ಗುರುಗಳೇ."

"ತಾಕಿಗಾವಾ ಅವ್ರಿಗೆ ಗೊತ್ತಾ?"

"ಗೊತ್ತಾಗದೆ ಇರಕ್ಕೆ ಸಾಧ್ಯವೇ ಇಲ್ಲ ಗುರುಗಳೇ."

ಅವರು ಟೋಪಿಯಿಂದ ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ಹೆದರಿ ನಿವಾ ನೀರು ತಂದ. ಗುರುಗಳು ಟೋಪಿ ತೆಗೆದಾಗ ಕಣ್ಣಲ್ಲಿ ನೀರಿತ್ತು ನಿಜ, ಆದರೆ ಮಾತಾಡಲು ಹೋದರೆ ನಗು ನುಗ್ಗಿ ಬಂದು ಒಂದು ಪದವೂ ಹೊರಡಲಿಲ್ಲ. ಹೊಳೆಯಲ್ಲಿ ಮೂರನೆಯ ಸಲ ಕೈ ತೊಳೆದು ಬಂದ ತಾಕಿಗಾವಾ, ಗುರುಗಳ ಪಕ್ಕ ಕೂತರು. ಎರಡು ತಿಂಗಳ ಮೇಲೆ ಆ ಮನುಷ್ಯ ನಕ್ಕ ನಗೆಗೆ ಬಿದಿರು ಮೆಳೆಯ ಕಾಗೆಗಳೆಲ್ಲ ಎದ್ದು ಹಾರಿದವು.

ಬೇರೆ ದಾರಿಯಿಲ್ಲದೆ ದೃಶ್ಯವನ್ನು ಹಾಗೇ ಉಳಿಸಿಕೊಂಡರು. ಅಜ್ಜಿಯ ಮಾತು ತೆಗೆದು ಕೊಳಲಿನ ದನಿ ಹಾಕಿದರು.

ಚಳಿಗಾಲದಲ್ಲಿ ಪೇಟೆಯ ಚಿತ್ರಮಂದಿರಕ್ಕೆ ಸಿನಿಮಾ ಬಂತು. ನಮ್ಮೂರಿನವರೆಲ್ಲ ಹೋಗಿ ಒಂದೇ ಸಾಲಿನಲ್ಲಿ ಕೂತೆವು. ಓಕಿನು ಅಜ್ಜಿ ತಾನು ಬರುವ ಮೊದಲೇ ಗೊರಕೆ ಹೊಡೆಯತೊಡಗಿದ್ದಳು. ಪರದೆಯ ಮೇಲೆ ಕೋಟೆ ಉರಿಯಿತು. ದೊರೆ ಬಡ ಮುದುಕಿಯ ಮುಂದೆ ಕುದುರೆಯಿಂದಿಳಿದು ತಲೆ ಬಾಗಿದ, ಅವಳ ಹೊರೆ ಹೊತ್ತ. ಚಿತ್ರಮಂದಿರದ ತುಂಬ ಬಿಕ್ಕಳಿಕೆ. ನಮ್ಮ ಸಾಲಿನವರು ಅಂಗಿಯ ತೋಳನ್ನು ಬಾಯಿಗೆ ತುರುಕಿಕೊಂಡು ನಡುಗುತ್ತಿದ್ದೆವು. ತೊಮೆ ಮುಂದಿನ ಕುರ್ಚಿಗೆ ಹಣೆ ಒತ್ತಿಕೊಂಡು ಉಸಿರಿಗಾಗಿ ಒದ್ದಾಡುತ್ತಿದ್ದಳು.

ಆ ಕುರ್ಚಿಯಲ್ಲಿದ್ದ ಪೇಟೆಯ ಹೆಂಗಸು ಕೆಂಪಾದ ಕಣ್ಣಿನಿಂದ ತಿರುಗಿ ನೋಡಿ, ತನ್ನ ರೇಷ್ಮೆ ಕರವಸ್ತ್ರವನ್ನು ತೊಮೆಯ ಕೈಗಿಟ್ಟಳು.

"ತಡ್ಕೋಬೇಡಿ ಅಕ್ಕಾ, ಅತ್ತುಬಿಡಿ. ನನಗೂ ನಿಮ್ಮ ಹಾಗೇ ಆಗ್ತಿದೆ."

ತೊಮೆ ಕರವಸ್ತ್ರದಲ್ಲಿ ಇಡೀ ಮುಖ ಹುದುಗಿಸಿಕೊಂಡು, ಸಿನಿಮಾ ಮುಗಿದು ದೀಪ ಹೊತ್ತುವವರೆಗೂ ತಲೆ ಎತ್ತಲಿಲ್ಲ.